ಗುಳ್ಳವ್ವನ ಎಡಗಣ್ಣು

ನಿಮಗೆ ಚಿತ್ರ ಬರೆಯಲು ಕಲಿಸಿದವರು ಯಾರು ಎಂದು ಕೇಳಿದವರಿಗೆಲ್ಲ ಇಷ್ಟು ವರ್ಷ ನಾನು ನನ್ನ ಅಕ್ಕ ಗಿರಿಜಾಳ ಹೆಸರು ಹೇಳುತ್ತ ಬಂದೆ. ಕೇಳಿದವರಿಗೆ ಸಮಾಧಾನ, ಅಕ್ಕನಿಗೆ ಹಿಗ್ಗು, ನನಗೆ ಮಾತ್ರ ಗಂಟಲಲ್ಲಿ ಮುಳ್ಳು. ನಾನು ಮಕ್ಕಳ ಕಥೆಪುಸ್ತಕಗಳಿಗೆ ಚಿತ್ರ ಬರೆಯುವವಳು. ಶಾಲೆಗಳಲ್ಲಿ ಕರೆದು ಮಾತಾಡಿಸಿದರೆ ಮಕ್ಕಳಿಗೆ ಒಂದೇ ವಿಷಯ ಹೇಳುತ್ತೇನೆ. ನಿಮ್ಮ ಕಥೆಯ ಹುಡುಗಿ ಪುಟದಿಂದ ಪುಟಕ್ಕೆ ಲಂಗ ಬದಲಿಸಲಿ, ಊರು ಬದಲಿಸಲಿ, ಕೂದಲು ಕತ್ತರಿಸಿಕೊಳ್ಳಲಿ, ಒಂದು ಗುರುತು ಮಾತ್ರ ಬದಲಾಗಬಾರದು. ಓದುವವರು ಅವಳನ್ನು ಹುಡುಕಿ ಹಿಡಿಯುವುದು ಅದರಿಂದಲೇ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಲಿಲ್ಲ, ಯಾವ ಮಾಸ್ತರರೂ ಹೇಳಿಕೊಡಲಿಲ್ಲ. ಬೆಟಗೇರಿಯ ನಮ್ಮ ಮನೆಯಲ್ಲಿ, ನನಗೆ ಹತ್ತು ವರ್ಷವಿದ್ದಾಗ, ಅಕ್ಕ ನನಗೆ ಮಾಡಿದ ದ್ರೋಹದಿಂದ ಕಲಿತೆ. ಅದನ್ನು ಇವತ್ತು ಹೇಳಿಯೇಬಿಡುತ್ತೇನೆ, ಯಾರ ಮುಖ ಹುಳ್ಳಗಾದರೂ ಆಗಲಿ.

ಮನೆ ಎಂದರೆ ಮೊದಲು ಮಗ್ಗ. ಬಾಗಿಲು ದಾಟಿದ ಕೂಡಲೇ ಪಡಸಾಲೆಯ ತುಂಬ ಅದೇ. ಅಪ್ಪ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಲಾಳಿ ಓಡಿಸತೊಡಗಿದನೆಂದರೆ ಗೋಡೆಗೆ ತೂಗುಹಾಕಿದ ಜರಡಿ ಕೂಡ ಖಟಖಟ ಎನ್ನುತ್ತಿತ್ತು. ನಮ್ಮ ಮನೆಮಂದಿಯೆಲ್ಲ ಏರುದನಿಯವರು, ಮಗ್ಗದ ಸದ್ದಿನ ಮೇಲೆ ಒದರಿ ಒದರಿ ಬಂದ ರೂಢಿ ಅದು. ಗುಟ್ಟು ಹೇಳಬೇಕಾದರೆ ಮಗ್ಗ ನಿಲ್ಲುವ ತನಕ ಕಾಯಬೇಕು. ಪಡಸಾಲೆಯ ಆಚೆ ನಡುಮನೆ, ಅಲ್ಲಿ ಗೋಡೆಯೊಳಗೆ ದೇವರ ಮಾಡ. ಅದರ ಹಿಂದೆ ಅಡಿಗೆಮನೆ. ಎಡಕ್ಕೆ ಕಿಟಕಿಯಿಲ್ಲದ ಒಂದು ಕಿರುಕೋಣೆ, ಅದರ ತುಂಬ ನೂಲಿನ ಲಡಿ, ಬಣ್ಣದ ಡಬ್ಬಿ. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಊಟಕ್ಕೆ ನಮ್ಮಿಬ್ಬರಿಗೂ ಒಂದೇ ತಾಟು. ಜೋಳದ ರೊಟ್ಟಿಯ ಮೇಲಿನ ತೆಳು ಪದರು ನನಗೆ, ಕೆಳಗಿನ ದಪ್ಪ ಪದರು ಅವಳಿಗೆ. ಅದರಲ್ಲಿ ತಕರಾರಿರಲಿಲ್ಲ. ಬದನೆಕಾಯಿ ಎಣ್ಣೆಗಾಯಿಯ ತೊಟ್ಟು ಚೀಪುವುದಕ್ಕೆ ಮಾತ್ರ ದಿನಾ ಜಗಳ. ಜಗಳ ಜೋರಾದರೆ ಅವ್ವ ಬಂದು ಆ ತೊಟ್ಟನ್ನು ಕಿತ್ತು ತನ್ನ ಬಾಯಿಗೇ ಹಾಕಿಕೊಳ್ಳುತ್ತಿದ್ದಳು.

"ಇಬ್ಬರೂ ತಿನ್ನಬ್ಯಾಡ್ರಿ, ನಾ ತಿಂತೀನಿ. ಈಗ ಸಮಾಧಾನ ಆತಿಲ್ಲೋ?"

ನನ್ನ ಎಡಗಣ್ಣು ಹುಟ್ಟಿದಾಗಿನಿಂದ ಮೂಗಿನ ಕಡೆ ವಾಲಿದೆ. ಓಣಿಯ ಹುಡುಗರಿಗೆ ನಾನು ಮೆಳ್ಳಿ. ನೀಲಾ ಎಂಬ ಹೆಸರು ಶಾಲೆಯ ಹಾಜರಿಗಷ್ಟೇ ಉಳಿದಿತ್ತು. ಮನೆಗೆ ಯಾರಾದರೂ ಬಂದರೆ ಅವ್ವ ನನ್ನ ಬೆನ್ನಿಗೆ ಮೆಲ್ಲಗೆ ತಿವಿದು "ಕೆಳಗ ನೋಡು" ಎನ್ನುತ್ತಿದ್ದಳು. ಹೀಗಾಗಿ ನಮ್ಮ ಬೀಗರು ಬಿಜ್ಜರ ಮುಖ ನನಗೆ ಸರಿಯಾಗಿ ನೆನಪಿಲ್ಲ, ಅವರ ಕಾಲಬೆರಳು ಚೆನ್ನಾಗಿ ನೆನಪಿವೆ. ಅಕ್ಕ ಹಾಗಲ್ಲ. ತಲೆ ಬಾಚುವಾಗ ನನ್ನ ಗದ್ದ ಹಿಡಿದೆತ್ತಿ ಎರಡೂ ಕಣ್ಣನ್ನು ನೇರ ನೋಡುತ್ತಿದ್ದವಳು ಆ ಮನೆಯಲ್ಲಿ ಅವಳೊಬ್ಬಳೇ.

"ನಮಗ ಒಂದಽ ಕಡೆ ಕಾಣತೈತಿ, ನಿನಗ ಎರಡೂ ಕಡೆ. ಲಾಭದಾಕಿ ಇದ್ದೀ ಬಿಡಲೇ ನೀಲಿ."

ಈ ಒಂದು ಮಾತಿಗೆ ನಾನು ಅವಳ ಹಿಂದೆ ನಾಯಿಮರಿಯ ಹಾಗೆ ತಿರುಗುತ್ತಿದ್ದೆ. ಅವಳು ಹೇಳಿದ್ದೆಲ್ಲ ನನಗೆ ಖರೆ.

ಆಷಾಢ ಬಂತೆಂದರೆ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಗುಳ್ಳವ್ವನ ಹಬ್ಬ. ಪ್ರತಿ ಮಂಗಳವಾರ ಮಣ್ಣು ತಂದು ನಾದಿ ಗೇಣುದ್ದದ ಒಬ್ಬ ಗುಳ್ಳವ್ವನನ್ನು ಮಾಡಿ ಮಾಡದಲ್ಲಿ ಕೂಡಿಸುವುದು, ಮೈತುಂಬ ಕುಸುಬಿ ಕಾಳು ಚುಚ್ಚಿ ಸಿಂಗರಿಸುವುದು, ಸಂಜೆ ಓಣಿಯ ಹುಡುಗಿಯರೆಲ್ಲ ಕೂಡಿ ಹಾಡಿ ಆರತಿ ಬೆಳಗುವುದು, ಬುಧವಾರ ಅವಳನ್ನು ಬಾವಿಯ ನೀರಿಗೆ ಬಿಡುವುದು. ಮುಂದಿನ ಮಂಗಳವಾರ ಮತ್ತೆ ಹೊಸ ಮಣ್ಣು, ಹೊಸ ಗುಳ್ಳವ್ವ. ಕಣ್ಣಿಗೆ ಮಾತ್ರ ಎಲ್ಲರೂ ಗುಲಗಂಜಿಯನ್ನೇ ಇಡುತ್ತಿದ್ದರು. ಗುಲಗಂಜಿ ನೋಡಿದ್ದೀರಲ್ಲ, ಮೈಯೆಲ್ಲ ಕೆಂಪು, ಒಂದು ತುದಿಗೆ ಕಪ್ಪು ಚುಕ್ಕೆ. ಆ ಕಪ್ಪೇ ಕಣ್ಣಿನ ಗೊಂಬೆ. ಆ ವರ್ಷ ಮೊದಲ ಮಂಗಳವಾರ ನಾನು ಎಡಗಣ್ಣಿನ ಕಾಳು ಒತ್ತುವಾಗ ಕೈ ಜಾರಿ ಕಪ್ಪು ಚುಕ್ಕೆ ಮೂಗಿನ ಕಡೆ ತಿರುಗಿತು. ತೆಗೆದು ಸರಿಮಾಡಲು ಹೋದವಳು ಹಾಗೆಯೇ ಕೂತುಬಿಟ್ಟೆ. ಮಣ್ಣಿನೊಳಗಿಂದ ನಾನೇ ನನ್ನನ್ನು ನೋಡುತ್ತಿದ್ದೆ! ಮತ್ತೆ ಅದು ಕೆಟ್ಟದಾಗೇನೂ ಕಾಣುತ್ತಿರಲಿಲ್ಲ. ಏನೋ ತುಂಟತನ ಯೋಚಿಸುತ್ತಿರುವ ಹುಡುಗಿಯ ಹಾಗಿತ್ತು. ಅಕ್ಕ ಬಂದು ನೋಡಿದಳು, ಕಿಸಕ್ಕನೆ ನಕ್ಕಳು.

"ಅಯ್ಯ ಇಕೀ! ಇಕೀ ಮನ್ಯಾಗ ಕುಂಡ್ರೂ ಪೈಕಿ ಅಲ್ಲ ಬಿಡು, ಎಲ್ಲೋ ಹೊಂಟ ನಿಂತಾಳ."

ಅಲ್ಲಿಂದ ಶುರುವಾಯಿತು ನಮ್ಮ ಕಥೆ. ಮಾತು ಅಕ್ಕನದು, ಮಣ್ಣು ನನ್ನದು. ಮೊದಲ ವಾರ ಗುಳ್ಳವ್ವ ಬಗಲಲ್ಲಿ ಗಂಟು ಇಟ್ಟುಕೊಂಡು ಮನೆ ಬಿಟ್ಟಳು. ಎರಡನೇ ವಾರ ಮುಂಡರಗಿ ಬಸ್ಸಿನ ಕಿಟಕಿ ಪಕ್ಕ ಕೂತಳು. ಬಸ್ಸನ್ನು ನಾನು ಮುರಿದ ಹೆಂಚಿನಿಂದ ಮಾಡಿದ್ದೆ. ಮೂರನೇ ವಾರ ಕಪ್ಪತಗುಡ್ಡ ಹತ್ತಿ ತಲೆಗೆ ಸೊಪ್ಪು ಮುಡಿದಳು, ನಾಲ್ಕನೆಯದಕ್ಕೆ ತುಂಗಭದ್ರೆಯ ದಂಡೆಗೆ ಬಂದು ಕಾಲು ತೊಳೆದಳು. ಪ್ರತಿವಾರ ಮೈ ಹೊಸದು, ಉಡುಗೆ ಹೊಸದು, ಆದರೆ ಓಣಿಯ ಮಕ್ಕಳು ಒಳಗೆ ಕಾಲಿಟ್ಟ ಕೂಡಲೇ ಅವಳನ್ನು ಗುರುತು ಹಿಡಿಯುತ್ತಿದ್ದವು. "ಬಂದ್ಲು ನೋಡ, ನಮ್ಮಕಿ!" ಎಂದು ಕೂಗುತ್ತಿದ್ದವು. ನನ್ನನ್ನು ಮೆಳ್ಳಿ ಎಂದು ಕಾಡುತ್ತಿದ್ದ ಅದೇ ಬಾಯಿಗಳು! ಆಷಾಢದಲ್ಲಿ ಆ ಸಲ ಐದು ಮಂಗಳವಾರ ಬಂದಿದ್ದವು. ಐದನೆಯದಕ್ಕೆ ಅವಳು ಮನೆಗೆ ಮರಳಬೇಕು ಎಂದು ಅಕ್ಕ ಗೊತ್ತುಮಾಡಿದಳು. ಬಿಸಿಲಿಗೆ ಕಪ್ಪಾಗಿ, ಸೊರಗಿ, ಬೇರೆ ಊರಿನ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಾಳೆ. ಅವರವ್ವನಿಗೆ ಗುರುತು ಸಿಗುತ್ತಿಲ್ಲ. ಆಮೇಲೆ ಕಣ್ಣು ನೋಡುತ್ತಾಳೆ, ಕಣ್ಣು ನೋಡಿದ ಮೇಲೆ ಅಪ್ಪಿಕೊಳ್ಳುತ್ತಾಳೆ. ಅಕ್ಕ ಇದನ್ನು ಹೇಳಿದ ದಿನ ನಾನು ಅತ್ತಿದ್ದೆ.

ಅದೇ ಐದನೇ ಮಂಗಳವಾರಕ್ಕೆ ಲಕ್ಷ್ಮೇಶ್ವರದವರು ಬರುತ್ತಾರೆಂದು ಖಬರು ಬಂತು. ಅಕ್ಕನಿಗೆ ಗಂಡು ಇತ್ತು ಆ ಮನೆಯಲ್ಲಿ. ಆಷಾಢದಲ್ಲಿ ಹೆಣ್ಣು ನೋಡುವ ಶಾಸ್ತ್ರ ಮಾಡುವ ಹಾಗಿಲ್ಲ, ಶ್ರಾವಣದ ತನಕ ತಡೆಯುವ ತಾಳ್ಮೆ ಅವರಿಗಿಲ್ಲ. ಅದಕ್ಕೆ ಅವರೇ ಒಂದು ದಾರಿ ಹುಡುಕಿದ್ದರು: ಗಂಡಸರು ಬೇಡ, ಗಂಡಿನ ತಾಯಿ ಮತ್ತು ಇಬ್ಬರು ಹೆಂಗಸರು "ಗುಳ್ಳವ್ವನ್ನ ನೋಡಾಕ" ಬರುವುದು. ಗುಳ್ಳವ್ವನ ಪಕ್ಕದಲ್ಲಿ ಆರತಿ ಹಿಡಿದು ನಿಂತ ಹುಡುಗಿ ಕಣ್ಣಿಗೆ ಬಿದ್ದರೆ ಅದು ಯಾರ ತಪ್ಪೂ ಅಲ್ಲವಲ್ಲ! ಎರಡೂ ಕಡೆಯವರಿಗೆ ಇದು ಗೊತ್ತು, ಎರಡೂ ಕಡೆಯವರು ಗೊತ್ತಿಲ್ಲದ ಹಾಗೆ ಇರಬೇಕು. ಅಂದರೆ ಆ ದಿನದ ಸಂಭ್ರಮವೆಲ್ಲ ನನ್ನ ಗುಳ್ಳವ್ವನ ಹೆಸರಲ್ಲಿ. ನಾನು ಉಬ್ಬಿಹೋಗಿದ್ದೆ. ಸೋಮವಾರ ಅವ್ವ ಮಗ್ಗ ನಿಲ್ಲುವುದನ್ನು ಕಾದು ನನ್ನನ್ನು ಅಡಿಗೆಮನೆಗೆ ಕರೆದಳು.

"ನಾಳೆ ಅವರು ಬಂದಾಗ ನೀ ನೂಲಿನ ಕೋಣ್ಯಾಗ ಇರು. ನಾ ಕರದ ಮ್ಯಾಲೆ ಬಾ."

"ಯಾಕ?"

"ಯಾಕಂದ್ರ ಯಾಕ. ದೊಡ್ಡಾಕಿದು ಒಂದ ಕಡೆ ಹತ್ತಲಿ, ಆಮ್ಯಾಲೆ ಎಲ್ಲಾ ನಿನ್ನ ಮನಸ ಬಂದಂಗ ಮಾಡು."

ಯಾಕೆಂದು ನನಗೆ ಗೊತ್ತಿಲ್ಲದೆ ಏನು? ಒಬ್ಬಳಿಗೆ ಹೀಗಿದ್ದರೆ ಇನ್ನೊಬ್ಬಳ ಮಕ್ಕಳಿಗೂ ಹೀಗೇ ಆದೀತೆಂಬ ಹೆದರಿಕೆ. ಹಿತ್ತಲಲ್ಲಿ ಕೂತು ಅಳುತ್ತಿದ್ದಾಗ ಅಕ್ಕ ಬಂದು ಗದ್ದ ಎತ್ತಿದಳು.

"ಅಳಬ್ಯಾಡಲೇ. ನೀ ಒಳಗಿದ್ರ ಏನಾತು, ನಿನ್ನ ಗುಳ್ಳವ್ವ ಹೊರಗ ಇರ್ತಾಳಲ್ಲ? ಅಕೀ ಅಂದ್ರ ನೀನಽ. ನಾನಽ ಅವರಿಗೆ ಪೂರಾ ಕಥಿ ಹೇಳ್ತೀನಿ, ನಮ್ಮ ನೀಲಿ ಮಾಡ್ಯಾಳ ಅಂತೀನಿ."

"ಅವ್ವ ಅಕೀನ್ನ ಏನರ ಮಾಡಿದ್ರ?"

"ಯಾರೂ ಮುಟ್ಟೂದಿಲ್ಲ. ನನ್ನಾಣಿ."

ತನ್ನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಮರುದಿನ ನಾನು ಉಂಡಿಲ್ಲ, ತಿಂದಿಲ್ಲ, ಬೆಳಗಿನಿಂದ ಮಣ್ಣಿನ ಮುಂದೆ ಕೂತೆ. ಅಪ್ಪ ಕೂಡ ಮಗ್ಗ ಬಿಟ್ಟೆದ್ದು ಬಂದು ಉಡಿಸಲು ಕೆಂಪು ರೇಶಿಮೆಯ ತುಂಡೊಂದನ್ನು ಕೊಟ್ಟು ಹೋದ. ಸೊರಗಿದ ಕೆನ್ನೆ ಮಾಡಿದೆ, ಧೂಳಿನ ಕಾಲು ಮಾಡಿದೆ, ಕೊನೆಗೆ ಕಣ್ಣಿಟ್ಟೆ. ಮಾಡದಲ್ಲಿ ಕೂಡಿಸಿ, ನಾನೇ ಹೋಗಿ ನೂಲಿನ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡೆ. ಯಾರೂ ನನ್ನನ್ನು ಎಳೆದೊಯ್ಯಲಿಲ್ಲ ಎಂಬುದನ್ನೂ ಹೇಳಬೇಕು. ನಂಬಿ ಹೋದೆ.

ಮಗ್ಗ ನಿಂತಿತ್ತು. ಆ ಮನೆಯಲ್ಲಿ ಹಗಲು ಹೊತ್ತು ಅಷ್ಟು ನಿಶ್ಶಬ್ದ ನಾನು ಕೇಳಿರಲಿಲ್ಲ. ಒಗ್ಗರಣೆ ಅವಲಕ್ಕಿ, ಮಿರ್ಚಿ ಭಜಿಯ ವಾಸನೆ ಬಂತು, ಬಳೆಗಳ ಸದ್ದು ಬಂತು. ಬಾಗಿಲ ಸಂದಿಗೆ ಕಣ್ಣು ಹಚ್ಚಿದೆ. ಗಂಡಿನ ತಾಯಿ, ಎತ್ತರದ ಹೆಂಗಸು, ಮಾಡದ ಮುಂದೆ ಬಗ್ಗಿ ನಿಂತಿದ್ದಳು.

"ಎಷ್ಟ ಚಂದ ಮಾಡೀರವಾ! ಮಾರಿ ನೋಡ್ರಿ, ಜೀವ ಇದ್ದಂಗ ಐತಿ. ಯಾರು ಮಾಡಿದ್ದು?"

ನಾನು ಲಂಗದ ಧೂಳು ಕೊಡವಿಕೊಂಡೆ. ಈಗ ಹೇಳುತ್ತಾಳೆ, ಈಗ ಕರೆಯುತ್ತಾರೆ.

"ನಾನಽ ಮಾಡೀನ್ರಿ," ಎಂದಳು ಅಕ್ಕ.

"ಹೌದಾ? ಕೈ ಛಲೋ ಐತಿ. ಮನ್ಯಾಗ ಮಕ್ಕಳು ಎಷ್ಟ ಮಂದಿರಿ?"

ಅವ್ವ ನೂಲಿನ ಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿದಳು.

"ಇಕೀ ಒಬ್ಬಾಕೀನಽ ನೋಡ್ರಿ."

ಅಪ್ಪ ಕೆಮ್ಮಿದ. ಅಕ್ಕ ಆರತಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು. ಆ ಹೆಂಗಸು ಪಕ್ಕಕ್ಕೆ ಸರಿದಾಗ ನನಗೆ ಗುಳ್ಳವ್ವ ಕಂಡಳು. ಎರಡೂ ಕಣ್ಣು ನೆಟ್ಟಗೆ ಮುಂದಕ್ಕೆ ನೋಡುತ್ತಿದ್ದವು. ನಾನು ಬಾಯಿಗೆ ನೂಲಿನ ಲಡಿ ತುರುಕಿಕೊಂಡು ಕೂತೆ. ಕರೆದ ಮೇಲೆ ಬಾ ಎಂದಿದ್ದರಲ್ಲ, ಅವರು ಹೋಗಿ ಎಷ್ಟೋ ಹೊತ್ತಾದ ಮೇಲೂ ಯಾರೂ ಕರೆಯಲಿಲ್ಲ. ಮನೆಮಂದಿಗೆ ಖುಷಿಯಲ್ಲಿ ಮರೆತೇಹೋಗಿತ್ತು.

ಕಣ್ಣು ತಿರುಗಿಸಿದ್ದು ಅವ್ವ ಎಂದೇ ಮೊದಲು ತಿಳಿದೆ. ಅವ್ವನ ಮೇಲೆ ಸಿಟ್ಟು ಮಾಡಿಕೊಂಡರೆ ಅಷ್ಟಾಗಿ ನೋಯುತ್ತಿರಲಿಲ್ಲ, ಅದು ರೂಢಿಯಾಗಿತ್ತು. ನಾನಾಗಿಯೇ ಹೊರಬಂದು ಹತ್ತಿರ ಹೋಗಿ ನೋಡಿದೆ. ಎಡಗಣ್ಣಿನ ಕೆಳಗೆ ಹಸಿಮಣ್ಣಿನಲ್ಲಿ ಹೆಬ್ಬೆರಳಿನ ಗುರುತು ಮೂಡಿತ್ತು, ಅದರ ನಡುವೆ ಓರೆಯಾಗಿ ಒಂದು ಗೆರೆ. ಬದನೆಕಾಯಿ ಹೆಚ್ಚುವಾಗ ಈಳಿಗೆ ತಾಗಿ ಕೊಯ್ದುಕೊಂಡ ಹೆಬ್ಬೆರಳು ನಮ್ಮ ಮನೆಯಲ್ಲಿ ಒಂದೇ ಇತ್ತು, ಅಕ್ಕನದು. ಆ ಗಾಯಕ್ಕೆ ಅರಿಷಿಣ ಒತ್ತಿದವಳು ನಾನೇ.

ಅಷ್ಟರಲ್ಲಿ ಓಣಿಯ ಮಕ್ಕಳು ಬಂದವು. ಕಥೆಯ ಕೊನೆ ನೋಡಲು ಒಂದಕ್ಕೊಂದು ತಳ್ಳಾಡಿಕೊಂಡು ಒಳನುಗ್ಗಿದವು, ಮಾಡದ ಮುಂದೆ ನಿಂತು ಪಿಳಿಪಿಳಿ ನೋಡಿದವು.

"ನಮ್ಮಕಿ ಎಲ್ಲಿ?" ಎಂದಿತು ಒಂದು ಕೂಸು. "ಇಕೀ ಯಾರ?"

ಯಾರೆಂದು ನಾನು ಏನು ಹೇಳಲಿ? ಮರುದಿನ ಬಾವಿಗೆ ಬಿಡಲು ಹೋದಾಗ ಅಕ್ಕನನ್ನು ಕೇಳಿದೆ. ಆಣೆ ಮಾಡಿದ್ದೆಯಲ್ಲ ಎಂದೆ. ಅವಳ ಕಣ್ಣೂ ಕೆಂಪಾಗಿದ್ದವು, ಅದನ್ನು ಮುಚ್ಚಿಡುವುದಿಲ್ಲ.

"ಕಣ್ಣ ಹಂಗ್ಯಾಕ ಐತಿ ಅಂತ ಕೇಳಿದ್ರ ಏನ ಹೇಳ್ತಿದ್ದೆ? ನಿನ್ನ ಹೆಸರು ಬರತಿತ್ತು, ನೀನೂ ಬರಬೇಕಾಗ್ತಿತ್ತು. ನನ್ನ ಬಾಳೇದ ಮಾತ ಇತ್ತಲೇ ಅದು. ನಿಂದು ಮಣ್ಣಿನ ಬೊಂಬಿ, ಬರೂ ವರ್ಷ ಮತ್ತೊಂದ ಮಾಡು."

"ನೀ ಮಾಡಿದ್ದು ಅಂದ್ಯಲ್ಲ?"

ಅಕ್ಕ ಗುಳ್ಳವ್ವನನ್ನು ನನ್ನ ಕೈಯಿಂದ ತೆಗೆದುಕೊಂಡು ನೀರಿಗೆ ಬಿಟ್ಟಳು. ಆ ಮಧ್ಯಾಹ್ನ ನಾನು ಬೇರೆ ತಾಟು ತೆಗೆದುಕೊಂಡು ಕೂತೆ. ಅವ್ವ ಅದಕ್ಕೂ ರೊಟ್ಟಿ ಹಾಕಿದಳು. ಮುಂದಿನ ಆಷಾಢಕ್ಕೆ ಅಕ್ಕ ಲಕ್ಷ್ಮೇಶ್ವರದ ಸೊಸೆಯಾಗಿದ್ದಳು, ನಾನು ಮಣ್ಣು ಮುಟ್ಟಲಿಲ್ಲ.

ಒಬ್ಬಳೇ ಎಂದು ಒಮ್ಮೆ ಹೇಳಿದ ಮೇಲೆ ಆ ಸುಳ್ಳನ್ನು ಸಾಕಬೇಕಾಯಿತು. ಮದುವೆಯಲ್ಲಿ ನಾನು ಸೊರಟೂರಿನ ಸೋದರತ್ತೆಯ ಮಗಳಾದೆ. ನಾಕು ದಿನದ ಮಾತು, ಸುಮ್ಮನಿರು ಎಂದಳು ಅವ್ವ. ನನ್ನ ಅಕ್ಕನ ಮದುವೆಯಲ್ಲಿ ನಾನು ನೆಂಟರ ಸಾಲಿನಲ್ಲಿ ಕೂತು ಉಂಡೆ. ಫೋಟೋ ತೆಗೆಯುವಾಗ ಅಪ್ಪ ಅವ್ವನ ಪಕ್ಕ ಹೋಗಿ ನಿಂತ ನನ್ನನ್ನು ಸೊರಟೂರಿನ ಅತ್ತೆ ರಟ್ಟೆ ಹಿಡಿದು ತನ್ನ ಮಕ್ಕಳ ಸಾಲಿಗೆ ಎಳೆದುಕೊಂಡಳು. ಆ ಫೋಟೋ ಇವತ್ತಿಗೂ ಲಕ್ಷ್ಮೇಶ್ವರದ ಮನೆಯ ಗೋಡೆಯ ಮೇಲಿದೆ, ನಾನು ಸೊರಟೂರಿನವರ ಕೊನೆಯಲ್ಲಿ ಕಾಲಬೆರಳು ನೋಡುತ್ತ ನಿಂತಿದ್ದೇನೆ. ವರ್ಷದೊಳಗೆ ಬಸುರಿ ಅಕ್ಕನ ಕುಬಸಕ್ಕೆ ಅವಳ ಅತ್ತೆ ನಮ್ಮ ಮನೆಗೆ ಬಂದಾಗ ಸುಳ್ಳು ಬಯಲಾಯಿತು. ಓಣಿಯಲ್ಲಿ ಯಾರೋ ಹೇಳಿಬಿಟ್ಟಿದ್ದರು. ಅವ್ವ ನಡುಗುತ್ತ ನಿಂತಿದ್ದರೆ ಆ ಎತ್ತರದ ಹೆಂಗಸು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಇಷ್ಟಕ್ಕ ಸುಳ್ಳ ಹೇಳಿದ್ರೇನ್ರಿ? ನಮ್ಮ ಅತ್ತಿಗೂ ಮೆಳ್ಳಗಣ್ಣ ಇತ್ತು, ಅಕೀ ಬಂದ ಮ್ಯಾಲೆ ನಮ್ಮನಿ ಉದ್ಧಾರ ಆಗೈತಿ!"

ಎಲ್ಲರೂ ನಕ್ಕರು. ಅವ್ವ ಕಣ್ಣೊರೆಸಿಕೊಂಡು ನಕ್ಕಳು, ಅಕ್ಕ ನಕ್ಕಳು. ನನಗೆ ಮಾತ್ರ ಮೈ ಉರಿದುಹೋಯಿತು. ನನ್ನನ್ನು ಇಲ್ಲವಾಗಿಸಿದ್ದು ಅಷ್ಟು ಸಸಾರದ ಕಾರಣಕ್ಕೆ! ಆ ಗದ್ದಲದಲ್ಲಿ ಗುಳ್ಳವ್ವನ ವಿಷಯ ಯಾರಿಗೂ ನೆನಪಾಗಲಿಲ್ಲ. ದೊಡ್ಡ ಸುಳ್ಳು ನಗೆಯಲ್ಲಿ ಮುಗಿಯಿತು, ಸಣ್ಣದು ಹಾಗೇ ಉಳಿದು ಬೆಳೆಯಿತು. ಗಿರಿಜಾ ಮಾಡಿದ ಗುಳ್ಳವ್ವನನ್ನು ನೋಡಿ ಅತ್ತೆ ಸೊಸೆ ಮಾಡಿಕೊಂಡಳಂತೆ ಎಂಬುದು ಆ ಮನೆಯ ಕಥೆಯಾಯಿತು. ಮಕ್ಕಳು ಕೇಳಿದರು, ಮೊಮ್ಮಕ್ಕಳು ಕೇಳಿದರು. ನಾನು ಚಿತ್ರ ಕಲಿತೆ, ಪುಸ್ತಕಗಳು ಬಂದವು, ಮೂಗಿನ ಕಡೆ ಕಣ್ಣು ವಾಲಿದ ನನ್ನ ಹುಡುಗಿ ಊರೂರಿನ ಮಕ್ಕಳಿಗೆ ಗುರುತಾದಳು. ಈ ಕಣ್ಣನ್ನು ಸರಿಮಾಡಬಹುದು ಎಂದು ಹುಬ್ಬಳ್ಳಿಯ ಡಾಕ್ಟರರು ಹೇಳಿದಾಗ ಬೇಡ ಎಂದು ಎದ್ದು ಬಂದೆ. ಲಕ್ಷ್ಮೇಶ್ವರದಲ್ಲಿ ಮಾತ್ರ, "ಅಕ್ಕನ ಕೈಗುಣ ತಂಗಿಗೂ ಬಂದೈತಿ" ಎನ್ನುತ್ತಿದ್ದರು. ನಾನು ತಿದ್ದಲಿಲ್ಲ. ಹೇಳಿ ಹೇಳಿ ಅಕ್ಕನಿಗೇ ಅದು ಖರೆಯಾಗಿಬಿಟ್ಟಿದೆ, ಮರೆತವಳ ಮೇಲೆ ಎಂಥ ಸಿಟ್ಟು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅವಳು ಮರೆತಿದ್ದಾಳೆ ಎಂದು ನಂಬಿದ್ದರಿಂದಲೇ ವರ್ಷಕ್ಕೊಮ್ಮೆ ಆ ಮನೆಗೆ ಹೋಗಿ ಅವಳ ಜೊತೆ ಕೂತು ಉಣ್ಣುವುದು ಸಾಧ್ಯವಾಗಿತ್ತು.

ಈ ಸಲದ ಆಷಾಢದಲ್ಲಿ ಹೋಗಿದ್ದೆ. ಅಕ್ಕನ ಮೊಮ್ಮಗಳು ಅನ್ವಿತಾಗೆ ಶಾಲೆಯಲ್ಲಿ ಮನೆಯ ಹಿರಿಯರ ಕಲೆಯನ್ನು ವಿಡಿಯೋ ಮಾಡಿ ತರಲು ಹೇಳಿದ್ದರು. ಅಜ್ಜಿ ಆ ಗುಳ್ಳವ್ವನನ್ನೇ ಮಾಡಿ ತೋರಿಸಬೇಕೆಂದು ಕೂಸು ಹಟ ಹಿಡಿಯಿತು. ಮಂಗಳವಾರ ಮಧ್ಯಾಹ್ನ, ಪಡಸಾಲೆಯಲ್ಲಿ ಗೋಣಿಚೀಲ ಹಾಸಿ ಕೂತೆವು. ಅಕ್ಕ ನನಗೆ ಮಣ್ಣು ನಾದಿ ಕೊಡು ಎಂದಳು. ನಾದಿ ಕೊಟ್ಟೆ. ಅವಳು ಮಾಡಿದ ಗುಳ್ಳವ್ವನಿಗೆ ಕುತ್ತಿಗೆಯೇ ಇರಲಿಲ್ಲ, ಆದರೂ ಕೂಸು "ಸೂಪರ್ ಅಜ್ಜಿ" ಎನ್ನುತ್ತ ಮೊಬೈಲ್ ಹಿಡಿದು ಸುತ್ತುತ್ತಿತ್ತು. ಅಕ್ಕ ಎರಡು ಗುಲಗಂಜಿ ತೆಗೆದುಕೊಂಡು ನೆಟ್ಟಗೆ ಒತ್ತಿದಳು.

"ಸಣ್ಣಜ್ಜಿನೂ ಆವಾಗ ಅಲ್ಲೇ ಇದ್ರೇನು?" ಎಂದು ಅನ್ವಿತಾ ಕೇಳಿದಳು.

ಅಕ್ಕ ಮಣ್ಣಿನಿಂದ ಕಣ್ಣೆತ್ತಲಿಲ್ಲ.

"ಇಲ್ಲವಾ, ಇಕೀ ಒಳಗ ನೂಲಿನ ಕೋಣ್ಯಾಗ ಇದ್ಲು."

ಮರೆತಿರಲಿಲ್ಲ ಅವಳು. ಯಾವ ಕೋಣೆ ಎಂಬುದೂ ನೆನಪಿತ್ತು. ಅಷ್ಟೂ ವರ್ಷ ಎಲ್ಲ ಗೊತ್ತಿದ್ದೂ, ನನ್ನ ಮುಖ ನೋಡುತ್ತಲೇ ಆ ಕಥೆ ಹೇಳಿಕೊಂಡು ಬಂದಿದ್ದಳು. ನಾನು ಕೈ ಚಾಚಿ ಎಡಗಣ್ಣಿನ ಕಾಳು ಕಿತ್ತೆ, ಕಪ್ಪು ಚುಕ್ಕೆಯನ್ನು ಮೂಗಿನ ಕಡೆ ತಿರುಗಿಸಿ ಒತ್ತಿದೆ. ಅಕ್ಕನ ಹೆಬ್ಬೆರಳು ಕೂಡಲೇ ಅದರ ಕಡೆ ಬಂತು. ಮಣಿಕಟ್ಟು ಹಿಡಿದುಕೊಂಡೆ.

"ಮುಟ್ಟಬ್ಯಾಡ."

ಅವಳು ನನ್ನನ್ನು ನೋಡಲಿಲ್ಲ, ಮೊಮ್ಮಗಳನ್ನು ನೋಡಿದಳು.

"ಅಷ್ಟ ಸಾಕವಾ, ಮೊಬೈಲ್ ಬಂದ್ ಮಾಡು."

ಅನ್ವಿತಾ ಬಂದ್ ಮಾಡಿ ನಮ್ಮಿಬ್ಬರ ಮುಖ ನೋಡತೊಡಗಿದಳು. ಅಕ್ಕ ನನ್ನ ಕಿವಿಯ ಹತ್ತಿರ ಬಾಗಿ, ನಮ್ಮ ಮನೆಯವರು ಯಾರೂ ಮಾತಾಡದಷ್ಟು ಸಣ್ಣ ದನಿಯಲ್ಲಿ ಹೇಳಿದಳು.

"ನೀನಽ ಮಾಡಿದ್ದು. ನನಗ ಗೊತ್ತೈತಿ, ನಿನಗ ಗೊತ್ತೈತಿ. ಸಾಕಿಲ್ಲೇನಲೇ ನೀಲಿ?"

"ಅದನ್ನಽ ಈ ಕೂಸಿನ ಮುಂದ ಹೇಳು."

ಅಕ್ಕ ಗೋಣಿಚೀಲದ ಮೇಲೆ ಬಿದ್ದ ಮಣ್ಣು ಒಟ್ಟುಮಾಡತೊಡಗಿದಳು. ಕಾದೆ. ಕೈಯ ಮಣ್ಣು ಒಣಗಿ ಬಿರಿಯುವ ತನಕ ಕಾದೆ. ಆಮೇಲೆ ಆ ಕುತ್ತಿಗೆಯಿಲ್ಲದ ಗುಳ್ಳವ್ವನನ್ನು ಎತ್ತಿ ತೊಡೆಯ ಮೇಲೆ ಕೂಡಿಸಿಕೊಂಡೆ.

"ಚಾಲೂ ಮಾಡವಾ ಅನ್ವಿತಾ," ಎಂದೆ. "ಬೆಟಗೇರ್ಯಾಗ ನಿಮ್ಮಜ್ಜಿಗೆ ಒಬ್ಬಾಕಿ ತಂಗಿ ಇದ್ಲು. ಅಕೀಗೆ ಮೆಳ್ಳಗಣ್ಣು."

ತಲೆ ತಗ್ಗಿಸದೆ, ಎರಡೂ ಕಣ್ಣನ್ನು ಮೊಬೈಲಿಗೆ ಕೊಟ್ಟು ಮೊದಲಿನಿಂದ ಹೇಳತೊಡಗಿದೆ. ಗುಳ್ಳವ್ವ ಗಂಟು ಕಟ್ಟಿಕೊಂಡು ಮನೆ ಬಿಟ್ಟಲ್ಲಿಗೆ ಬರುವಷ್ಟರಲ್ಲಿ ಅಕ್ಕ ನೆಲಕ್ಕೆ ಕೈಯೂರಿ ಎದ್ದಳು. ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಸಂದಿಯಿಂದ ನೋಡುತ್ತಿದ್ದಳೋ ಏನೋ. ಕಥೆ ಮುಗಿಯಿತು, ಆರತಿಯೂ ಮುಗಿಯಿತು. ನಾನು ಅವಳನ್ನು ಕರೆಯಲಿಲ್ಲ.